ದ್ವಾರದ ಗರುಡನೂ ತೋರಣದ ಗರುಡನೂ

ದೇವಾಲಯಶಿಲ್ಪವನ್ನು ಕುರಿತು ಕನ್ನಡದಲ್ಲಿ ಬಂದಿರುವ ವರ್ಣನೆಗಳನ್ನು ಓದಿದವರಿಗೆ ಒಂದು ಸಂಗತಿ ಗೋಚರವಾಗದೆ ಇರದು. ಮೂಲವಿಗ್ರಹಕ್ಕೂ ಭಿತ್ತಿಯ ಮೇಲಣ ಪುರಾಣಕಥೆಗಳಿಗೂ ಪುಟಗಟ್ಟಲೆ ವಿವರಣೆ ದೊರೆಯುತ್ತದೆ. ಬಾಗಿಲಿನ ಲಲಾಟದಲ್ಲಿಯೋ, ಅಧಿಷ್ಠಾನದ ಪಟ್ಟಿಕೆಯಲ್ಲಿಯೋ, ಪ್ರಭಾವಳಿಯ ತುದಿಯಲ್ಲಿಯೋ ಇರುವ ಪಕ್ಷಿಗೆ ಮಾತ್ರ ‘ಅಲಂಕಾರ’ ಎಂಬ ಒಂದೇ ಮಾತು ಸಲ್ಲುತ್ತದೆ. ಆ ಪಕ್ಷಿಯು ಗರುಡನಾದರೆ ‘ವಾಹನ’ ಎಂಬ ಇನ್ನೊಂದು ಮಾತು ಸೇರುತ್ತದೆ. ಈ ಎರಡು ಮಾತುಗಳೂ ಸುಳ್ಳಲ್ಲ. ಆದರೆ ಇವೆರಡರಿಂದಲೇ ವಿಚಾರವು ಮುಗಿಯಿತೆಂದು ಭಾವಿಸಿದುದರಿಂದ ಕೆಲವು ಗುಡಿಗಳ ಮೂಲದೇವತೆಯ ನಿರ್ಣಯವೇ ದಾರಿತಪ್ಪಿತು. ನೆರೆಯಲ್ಲಿಯೇ ನಡೆದುಬರುತ್ತಿರುವ ಒಂದು ಜೀವಂತ ಸಂಪ್ರದಾಯವು ಕನ್ನಡಿಗರಿಗೆ ಪರಕೀಯವೆಂದು ತೋರುವಂತಾಯಿತು. ಈ ಎರಡು ಹಾನಿಗಳನ್ನೂ ಒಟ್ಟಿಗೆ ಇಟ್ಟು ನೋಡುವುದು ಇಲ್ಲಿಯ ಉದ್ದೇಶ.

ನೆರೆಯ ಸಂಪ್ರದಾಯವೆಂದರೆ ಉತ್ತರಕನ್ನಡ ಜಿಲ್ಲೆಯ ಮುಂಡಗೋಡಿನದು. ೧೯೫೯ರಲ್ಲಿ ಸ್ವದೇಶವನ್ನು ಬಿಟ್ಟು ಬಂದ ಟಿಬೆಟಿನ ಜನರಿಗಾಗಿ ೧೯೬೬ರಲ್ಲಿ ಅಲ್ಲಿ ವಸತಿಯು ಏರ್ಪಟ್ಟಿತು. ಲಾಸಾ ನಗರದ ಸಮೀಪದಲ್ಲಿ ಕ್ರಿ. ಶ. ೧೪೦೯ರಲ್ಲಿ ಸ್ಥಾಪಿತವಾದ ಗಾಂದೆನ್ ವಿಹಾರವೂ ೧೪೧೬ರಲ್ಲಿ ಸ್ಥಾಪಿತವಾದ ಡ್ರೆಪುಂಗ್ ವಿಹಾರವೂ ಈ ವಸತಿಯಲ್ಲಿ ಪುನಃ ತಲೆಯೆತ್ತಿದುವು. ದಾಂಡೇಲಿ, ಹಳಿಯಾಳ, ಜೋಯಿಡಾಗಳ ಕಡೆಯಿಂದ ಈ ವಿಹಾರಗಳನ್ನು ನೋಡಲು ಹೋಗುವವರು ಬುದ್ಧವಿಗ್ರಹದ ಹಿಂದಣ ತೋರಣದ ತುದಿಯಲ್ಲಿ ರೆಕ್ಕೆ ಹರಡಿ, ಹಾವನ್ನು ಹಿಡಿದು, ಎದುರಿಗೆ ನೋಡುತ್ತಿರುವ ಪಕ್ಷಿರೂಪವನ್ನು ಕಂಡು, ಇದು ಚೀಣದ ಕಡೆಯ ಯಾವುದೋ ಭೂತಾಕೃತಿಯೆಂದು ತಿಳಿಯುವುದುಂಟು. ಅದು ಗರುಡನೇ, ಮತ್ತು ಅವನ ಆ ನಿಲುವು ಕನ್ನಡನಾಡಿನ ಶಿಲೆಗೆ ಸಾವಿರದ ಮುನ್ನೂರು ವರ್ಷಗಳ ಹಿಂದೆಯೇ ಪರಿಚಿತವಾಗಿದ್ದಿತು.

ಐಹೊಳೆಯ ದುರ್ಗದ ಗುಡಿಯ ಗರ್ಭಗೃಹದ ಬಾಗಿಲನ್ನು ಮೊದಲು ಪರಿಶೀಲಿಸಬೇಕು. ಲಲಾಟದ ಮಧ್ಯದಲ್ಲಿ ಗರುಡನಿದ್ದಾನೆ. ಅವನ ಎರಡು ಕೈಗಳಲ್ಲಿಯೂ ನಾಗರ ಬಾಲಗಳಿವೆ. ಆ ಬಾಲಗಳಿಂದ ಹೊರಟ ಸರ್ಪದೇಹಗಳು ದ್ವಾರಶಾಖೆಗಳ ಉದ್ದಕ್ಕೂ ಇಳಿದು ಬಂದು ಕೆಳಗಡೆ ನಾಗರೂಪಗಳಲ್ಲಿ ಕೊನೆಗೊಳ್ಳುತ್ತವೆ. ಎಂದರೆ, ಬಾಗಿಲಿನ ಚೌಕಟ್ಟೇ ಗರುಡನ ಹಿಡಿತದಲ್ಲಿದೆ. ಈ ಊರಿನ ಲಾಡಖಾನ ಗುಡಿಯಲ್ಲಿಯೂ ಗರ್ಭಗೃಹದ ದ್ವಾರದ ಮೇಲೆ ಗರುಡನನ್ನು ಕಾಣಬಹುದು. ಒಳಗಾದರೋ ಈಗ ಇರುವುದು ಶಿವಲಿಂಗ.

ಹೆನ್ರಿ ಕಜಿನ್ಸ್ ಮೊದಲಾದ ಹಿಂದಿನ ಸಂಶೋಧಕರು ಈ ಗರುಡನನ್ನು ಮೂಲದೇವತೆಯ ಗುರುತೆಂದು ಗ್ರಹಿಸಿದರು. ಗರುಡನು ವಿಷ್ಣುವಾಹನ, ಆದುದರಿಂದ ಬಾಗಿಲ ಮೇಲೆ ಗರುಡನಿದ್ದಲ್ಲಿ ಒಳಗೆ ವಿಷ್ಣುವಿದ್ದಿರಬೇಕು, ಲಿಂಗವೇನಾದರೂ ಇದ್ದರೆ ಅದು ತರುವಾಯದ್ದು — ಹೀಗೆ ಅವರ ತರ್ಕವು ಸಾಗಿತು. ೧೯೨೬ರಲ್ಲಿ ಪ್ರಕಟವಾದ ಕಜಿನ್ಸರ ಚಾಲುಕ್ಯವಾಸ್ತುವಿನ ಗ್ರಂಥವು ಇಂದಿಗೂ ಗೌರವಾರ್ಹವಾದುದು. ಅವರ ಅಳತೆಗಳನ್ನೂ ನಕ್ಷೆಗಳನ್ನೂ ಬಿಟ್ಟು ಯಾವ ವಿದ್ಯಾರ್ಥಿಯೂ ಮುಂದುವರಿಯಲಾರನು. ಆದರೂ ಈ ತರ್ಕವು ನಿಲ್ಲಲಿಲ್ಲ. ದುರ್ಗದ ಗುಡಿಯ ಮಹಾದ್ವಾರದಲ್ಲಿರುವ ಶಾಸನವನ್ನು ಅನಂತರದ ವಿದ್ವಾಂಸರು ಓದಿ, ಅದು ಆದಿತ್ಯನಿಗಾಗಿ ಕಟ್ಟಿದ ಗುಡಿಯೆಂಬುದನ್ನು ತೋರಿಸಿಕೊಟ್ಟರು. ದುರ್ಗವೆಂಬ ಹೆಸರಾದರೂ ಕೋಟೆಯಿಂದ ಬಂದುದೇ ಹೊರತು ದೇವಿಯಿಂದ ಬಂದುದಲ್ಲ. ಹೀಗಾಗಿ ಹೆಸರೂ ಲಲಾಟವೂ ಎರಡೂ ನೋಡುವವನನ್ನು ಬೇರೆ ಬೇರೆ ದೇವತೆಗಳ ಕಡೆಗೆ ಎಳೆದುವು. ಶಾಸನವು ಮೂರನೆಯ ದೇವತೆಯನ್ನು ತೋರಿಸಿತು.

ಇಲ್ಲಿ ಒಂದು ಆಕ್ಷೇಪವು ಬರಬಹುದು. ವಿನತೆಯ ಮಕ್ಕಳು ಇಬ್ಬರು, ಅರುಣ ಮತ್ತು ಗರುಡ. ಅರುಣನು ಸೂರ್ಯನ ಸಾರಥಿಯಾದುದರಿಂದ ಅವನ ತಮ್ಮನಿಗೆ ಸೂರ್ಯನ ಬಾಗಿಲಿನಲ್ಲಿ ಸ್ಥಾನ ದೊರೆತದ್ದು ಸಹಜವಲ್ಲವೇ ಎಂದು ಕೇಳಬಹುದು. ಸಂಬಂಧವೇನೋ ನಿಜ. ಆದರೆ ಸೋದರನ ನೆಂಟಸ್ತಿಕೆಯಿಂದ ಬಂದವನು ಎರಡು ಕೈಗಳಲ್ಲಿಯೂ ನಾಗರ ಬಾಲಗಳನ್ನು ಹಿಡಿದಿರಬೇಕಾದ ಕಾರಣವಿಲ್ಲ. ಅಲ್ಲದೆ, ಇದೇ ರೂಪವು ಲಿಂಗವಿರುವ ಗುಡಿಯ ಬಾಗಿಲಿನ ಮೇಲೆಯೂ ಇದೆ. ಯಾವುದೊಂದು ದೇವತೆಯ ಸಂಬಂಧದಿಂದಲೂ ಈ ಶಿಲ್ಪವನ್ನು ಪೂರ್ತಿಯಾಗಿ ವಿವರಿಸಲಾಗದೆಂದ ಮೇಲೆ, ಇದು ದೇವತೆಗೆ ಸೇರಿದುದಲ್ಲ, ದ್ವಾರಕ್ಕೆ ಸೇರಿದುದು ಎಂಬ ನಿರ್ಣಯವೇ ಉಳಿಯುತ್ತದೆ. ಹೊರಗಿನ ನೆಲಕ್ಕೂ ಒಳಗಿನ ದೇವಸನ್ನಿಧಿಗೂ ನಡುವೆ ಇರುವ ಹೊಸ್ತಿಲಿನ ಮೇಲೆ ಆಕಾಶಚರನಾದ ಪಕ್ಷಿಯನ್ನೂ, ಪಾತಾಳವಾಸಿಗಳಾದ ನಾಗರನ್ನೂ ಒಂದೇ ರಚನೆಯಲ್ಲಿ ಬಿಗಿದು, ಒಳಗೆ ಹೋಗುವವನನ್ನು ಅವರ ನಡುವಿನಿಂದ ಹಾಯಿಸುವುದು ಶಿಲ್ಪಿಯ ಅಭಿಪ್ರಾಯ.

ಈ ರಚನೆಯನ್ನು ಧರ್ಮವು ಅಧರ್ಮವನ್ನು ಗೆದ್ದ ಚಿತ್ರವೆಂದು ಓದುವ ಅಭ್ಯಾಸವೂ ಇದೆ. ಅದೂ ಸಾಲದು. ಕನ್ನಡನಾಡಿನಲ್ಲಿ ನಾಗನು ತುಳಿಯಲ್ಪಡುವವನಲ್ಲ, ಪೂಜೆಗೊಳ್ಳುವವನು. ಮುಂಡಗೋಡಿನ ನೆರೆಯ ಸೀಮೆಯಾದ ಬನವಾಸಿಯಲ್ಲಿ, ಮಧುಕೇಶ್ವರ ದೇವಾಲಯದ ಆವರಣದಲ್ಲಿ, ಐದು ಹೆಡೆಯ ನಾಗನ ಕಲ್ಲೊಂದಿದೆ. ಚುಟುವಂಶದ ಅರಸನ ಮಗಳಾದ ಶಿವಸ್ಕಂದನಾಗಶ್ರೀ ಎಂಬವಳು ನಾಗವನ್ನೂ ಕೆರೆಯನ್ನೂ ವಿಹಾರವನ್ನೂ ದಾನಮಾಡಿದಳೆಂದೂ, ನಾಗವನ್ನು ಮಾಡಿದವನು ನಟಕನೆಂಬ ಶಿಲ್ಪಿಯೆಂದೂ ಅದರ ಪ್ರಾಕೃತ ಶಾಸನದಿಂದ ತಿಳಿಯುತ್ತದೆ. ನಾಗ, ನೀರು, ವಿಹಾರ ಈ ಮೂರೂ ಒಂದೇ ದಾನದಲ್ಲಿ ಕೂಡಿರುವುದು ಗಮನಾರ್ಹ. ವನವಾಸಕ್ಕೆ ರಕ್ಖಿತನೆಂಬ ಥೇರನು ಧರ್ಮಪ್ರಸಾರಕ್ಕಾಗಿ ಬಂದನೆಂದು ಸಿಂಹಳದ ಮಹಾವಂಸವು ಹೇಳುತ್ತದೆ. ಹೀಗೆ ಬೌದ್ಧರಿಗೂ ನಾಗಪೂಜೆಗೂ ಹೊಂದಿಕೆಯಿದ್ದ ಸೀಮೆಯಲ್ಲಿ ಗರುಡನ ಹಿಡಿತವನ್ನು ಕೇವಲ ಸಂಹಾರವೆಂದು ತಿಳಿಯುವುದು ಸರಿಯಾಗದು. ಐಹೊಳೆಯ ಬಾಗಿಲಿನಲ್ಲಿ ನಾಗರು ಸತ್ತಿಲ್ಲ; ಅವರು ಹಿಡಿಯಲ್ಪಟ್ಟಿದ್ದಾರೆ, ಮತ್ತು ಬಾಗಿಲನ್ನು ಹೊತ್ತಿದ್ದಾರೆ.

ಸಾಹಿತ್ಯದ ಸಾಕ್ಷ್ಯವೂ ಈ ಓದಿಗೆ ಅನುಕೂಲವಾಗಿಯೇ ಇದೆ. ಮಹಾಭಾರತದ ಆದಿಪರ್ವದಲ್ಲಿ ಗರುಡನು ತಾಯಿಯ ದಾಸ್ಯವನ್ನು ಬಿಡಿಸುವುದಕ್ಕಾಗಿ ಅಮೃತವನ್ನು ತರುತ್ತಾನೆ. ವಿಷ್ಣುವಿನ ವಾಹನವಾಗುವುದು ಆ ಕಥೆಯ ನಡುವಣ ಒಂದು ವರಪ್ರಸಂಗ ಮಾತ್ರ; ಕಥೆಯ ಜೀವವು ವಾಹನತ್ವದಲ್ಲಿಲ್ಲ, ಬಿಡುಗಡೆಯಲ್ಲಿದೆ. ಪಾಲಿಭಾಷೆಯ ಪಂಡರ ಜಾತಕದಲ್ಲಿ ಇನ್ನೊಂದು ಪ್ರಸಂಗವಿದೆ. ಹೆಡೆಯನ್ನು ಹಿಡಿದ ಗರುಡರೆಲ್ಲ ನಾಶವಾಗುತ್ತಿದ್ದರು. ಏಕೆಂದರೆ ನಾಗರು ದೊಡ್ಡ ಕಲ್ಲುಗಳನ್ನು ನುಂಗಿ ಭಾರವಾಗಿ ಕುಳಿತಿರುತ್ತಿದ್ದರು. ನಾಗನೊಬ್ಬನು ಈ ಗುಟ್ಟನ್ನು ಒಬ್ಬ ಕಪಟತಾಪಸನಿಗೆ ಹೇಳಿ ಕೆಟ್ಟನು; ಗುಟ್ಟು ತಿಳಿದ ಗರುಡನು ಬಾಲವನ್ನು ಹಿಡಿದು ತಲೆಕೆಳಗಾಗಿ ಎತ್ತಿದನು. ಕೊನೆಗೆ ಆ ಗರುಡನೇ ಕನಿಕರದಿಂದ ನಾಗನನ್ನು ಬಿಟ್ಟುಬಿಡುತ್ತಾನೆ. ಐಹೊಳೆಯ ಶಿಲ್ಪಿಯು ಈ ಜಾತಕವನ್ನು ಬಲ್ಲವನಾಗಿದ್ದನೆಂದು ಹೇಳುವುದಕ್ಕೆ ಆಧಾರವಿಲ್ಲ. ಹಾಗೆ ಹೇಳಬೇಕಾದ ಅವಶ್ಯವೂ ಇಲ್ಲ. ಬಾಲವನ್ನು ಮೇಲೆ ಹಿಡಿದು ದೇಹವನ್ನು ಕೆಳಕ್ಕೆ ಇಳಿಬಿಟ್ಟ ರೂಪವು ಕಥೆಯಲ್ಲಿಯೂ ಕಲ್ಲಿನಲ್ಲಿಯೂ ಒಂದೇ ಆಗಿದೆಯೆಂಬುದೂ, ಆ ಹಿಡಿತದಲ್ಲಿ ಕೊಲೆಗಿಂತ ವಶೀಕರಣವು ಪ್ರಧಾನವೆಂಬುದೂ ಸಾಕು.

ಹರ್ಷನ ನಾಗಾನಂದವು ಈ ಎರಡು ಧರ್ಮಗಳ ನಡುವಣ ಸೇತುವೆಯಂತಿದೆ. ಬುದ್ಧಸ್ತುತಿಯಿಂದ ಮೊದಲಾಗುವ ಆ ನಾಟಕದಲ್ಲಿ ಜೀಮೂತವಾಹನನು ನಾಗನೊಬ್ಬನಿಗೆ ಬದಲಾಗಿ ತನ್ನ ದೇಹವನ್ನು ಗರುಡನಿಗೆ ಒಪ್ಪಿಸುತ್ತಾನೆ; ಗರುಡನು ಪಶ್ಚಾತ್ತಾಪಪಟ್ಟು ಹಿಂಸೆಯನ್ನು ಬಿಡುತ್ತಾನೆ; ಗೌರಿಯ ಅನುಗ್ರಹದಿಂದ ನಾಯಕನು ಬದುಕುತ್ತಾನೆ. ಬೋಧಿಸತ್ತ್ವನ ದಾನವೂ ದೇವಿಯ ವರವೂ ಒಂದೇ ಕಥೆಯಲ್ಲಿ ಸೇರಿರುವುದನ್ನು ಅಂದಿನ ಪ್ರೇಕ್ಷಕರು ವಿರೋಧವೆಂದು ಎಣಿಸಲಿಲ್ಲ. ಈ ಹರ್ಷನನ್ನೇ ಇಮ್ಮಡಿ ಪುಲಕೇಶಿಯು ತಡೆದನೆಂಬುದನ್ನು ಸಾರುವ ರವಿಕೀರ್ತಿಯ ಶಾಸನವು ಕ್ರಿ. ಶ. ೬೩೪ರದು; ಅದು ಇರುವುದೂ ಐಹೊಳೆಯ ಮೇಗುತಿಯಲ್ಲಿಯೇ. ಅರಸರು ಯುದ್ಧಮಾಡುತ್ತಿದ್ದ ಕಾಲದಲ್ಲಿಯೂ ಕವಿಗಳ ಮತ್ತು ಶಿಲ್ಪಿಗಳ ಗರುಡನು ಎರಡು ರಾಜ್ಯಗಳಿಗೂ ಸಮಾನನಾಗಿದ್ದನು.

ಈ ಹಿನ್ನೆಲೆಯಿಂದ ಮುಂಡಗೋಡಿನ ತೋರಣಕ್ಕೆ ಬಂದರೆ ಅದರ ಅರ್ಥವು ತಾನಾಗಿ ತೆರೆಯುತ್ತದೆ. ಟಿಬೆಟಿನ ಸಂಪ್ರದಾಯದಲ್ಲಿ ಬುದ್ಧಪೀಠದ ತೋರಣಕ್ಕೆ ‘ಆರು ಅಲಂಕಾರಗಳು’ ಎಂಬ ಅರ್ಥದ ಹೆಸರಿದೆ. ಕೆಳಗಿನಿಂದ ಆನೆ, ಅದರ ಮೇಲೆ ವ್ಯಾಳಮೃಗ, ಅದನ್ನೇರಿದ ಬಾಲಕ, ಮಕರ, ನಾಗ, ಎಲ್ಲಕ್ಕೂ ಮೇಲೆ ಗರುಡ. ಈ ಆರನ್ನು ಆರು ಪಾರಮಿತೆಗಳಿಗೆ ಹೊಂದಿಸಿ ಹೇಳುವುದು ಅಲ್ಲಿಯ ವಾಡಿಕೆ. ಆನೆ, ವ್ಯಾಳ, ಮಕರಗಳ ಈ ಕ್ರಮವು ಕನ್ನಡದ ಮಕರತೋರಣವನ್ನು ಕಂಡವರಿಗೆ ಹೊಸದಲ್ಲ. ಭೇದವಿರುವುದು ತುದಿಯಲ್ಲಿ: ಚಾಲುಕ್ಯ ಹೊಯ್ಸಳ ತೋರಣಗಳ ನೆತ್ತಿಯಲ್ಲಿ ಸಾಮಾನ್ಯವಾಗಿ ಕೀರ್ತಿಮುಖವಿರುತ್ತದೆ, ಟಿಬೆಟಿನಲ್ಲಿ ಆ ಸ್ಥಾನವು ಗರುಡನದು. ನೇಪಾಳದ ತೋರಣಗಳಲ್ಲಿ ಎರಡು ರೂಪಗಳೂ ಕಾಣಸಿಗುತ್ತವೆ. ಆದುದರಿಂದ ಐಹೊಳೆಯಿಂದ ಟಿಬೆಟಿಗೆ ನೇರವಾದ ಸಾಲವನ್ನು ಕಲ್ಪಿಸಬೇಕಾದುದಿಲ್ಲ. ಭಾರತದ ಒಂದೇ ಭಂಡಾರದಿಂದ ದಕ್ಷಿಣಕ್ಕೂ, ಪಾಲರ ಬಂಗಾಳ ಮತ್ತು ನೇಪಾಳಗಳ ಮಾರ್ಗವಾಗಿ ಹಿಮಾಲಯದ ಆಚೆಗೂ ಹೋದ ರೂಪಗಳು ಇವು. ಉತ್ತರಕ್ಕೆ ಹೋದ ಶಾಖೆಯು ಇಪ್ಪತ್ತನೆಯ ಶತಮಾನದಲ್ಲಿ ಒಂದು ಜನಾಂಗದ ದುಃಖದ ಮೂಲಕ ಬನವಾಸಿಯ ಸೀಮೆಗೆ ಬಂದು ಸೇರಿತು.

ಟಿಬೆಟಿನ ಗರುಡನಿಗೆ ಕೊಂಬುಗಳಿರುವುದು ನಿಜ. ದಾಂಡೇಲಿಯ ಕಾಡಿನಲ್ಲಿ ನಾಲ್ಕು ಜಾತಿಯ ಮಂಗಟ್ಟೆ ಹಕ್ಕಿಗಳಿವೆ. ಅವುಗಳ ರಕ್ಷಣೆಗಾಗಿ ೨೦೧೧ರಲ್ಲಿ ಮೀಸಲು ಪ್ರದೇಶವೂ ಏರ್ಪಟ್ಟಿದೆ. ಕೊಕ್ಕಿನ ಮೇಲೆ ಕೊಂಬಿನಂತಹ ಉಬ್ಬುಳ್ಳ ಆ ದೊಡ್ಡ ಹಕ್ಕಿಯನ್ನೂ ಕೊಂಬುಳ್ಳ ಗರುಡನನ್ನೂ ಜೋಡಿಸುವ ಆಸೆಯು ನೋಡುವವರಲ್ಲಿ ಹುಟ್ಟುವುದು ಸ್ವಾಭಾವಿಕ. ಆದರೆ ಸಾಮ್ಯವು ಪ್ರಮಾಣವಲ್ಲ. ಕೊಂಬುಳ್ಳ ಪಕ್ಷಿಯು ಟಿಬೆಟಿನವರ ‘ಖ್ಯುಂಗ್’. ಬೌದ್ಧಧರ್ಮದ ಗರುಡನು ಅಲ್ಲಿಗೆ ಹೋದಾಗ ಆ ದೇಶದ ಪಕ್ಷಿಯೊಡನೆ ಒಂದಾದನು. ಕನ್ನಡನಾಡಿನಲ್ಲಿಯೂ ಇಂತಹದೇ ಸಂಗತಿ ನಡೆದಿದೆ: ಬಿಳಿಯ ಎದೆಯ ಕೆಂಗಂದು ಹದ್ದನ್ನು ಜನರು ಗರುಡನೆಂದು ಕರೆದು ಕೈಮುಗಿಯುತ್ತಾರೆ. ಪುರಾಣದ ಪಕ್ಷಿಯು ಹೋದೆಡೆಯಲ್ಲಿ ಆಯಾ ನಾಡಿನ ಆಕಾಶದಿಂದ ಒಂದು ದೇಹವನ್ನು ಪಡೆಯುತ್ತದೆ ಎಂಬಷ್ಟನ್ನೇ ಇಲ್ಲಿ ಹೇಳಬಹುದು.

ದ್ವಾರದ ಈ ಗರುಡನಿಂದ ಪ್ರತ್ಯೇಕಿಸಿ ತಿಳಿಯಬೇಕಾದ ಇನ್ನೆರಡು ಭಾವಗಳು ಕನ್ನಡ ಶಿಲ್ಪದಲ್ಲಿವೆ. ಒಂದು ಸೇವೆಯದು. ಬೇಲೂರಿನ ಚೆನ್ನಕೇಶವ ದೇವಾಲಯದ ಅಂಗಳದಲ್ಲಿ ಗರುಡನು ಮನುಷ್ಯದೇಹದಿಂದ, ಕೈಮುಗಿದು, ದೇವರ ಕಡೆಗೆ ಮುಖಮಾಡಿ ನಿಂತಿದ್ದಾನೆ. ಐಹೊಳೆಯವನು ಬರುವವರನ್ನು ನೋಡಿದರೆ, ಇವನು ದೇವರನ್ನು ನೋಡುತ್ತಾನೆ. ಅವನ ಕೈಗಳಲ್ಲಿ ನಾಗರಿದ್ದರೆ, ಇವನ ಕೈಗಳಲ್ಲಿ ಅಂಜಲಿಯಲ್ಲದೆ ಮತ್ತೇನೂ ಇಲ್ಲ. ಈ ಸೇವಾಭಾವವು ಎಲ್ಲಿಯ ತನಕ ಬೆಳೆಯಿತೆಂಬುದಕ್ಕೆ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಗರುಡಸ್ತಂಭವು ಸಾಕ್ಷಿ. ವೀರಬಲ್ಲಾಳನ ಅಂಗರಕ್ಷಕನಾದ ಕುವರ ಲಕ್ಷ್ಮನು ಒಡೆಯನೊಡನೆ ಪ್ರಾಣವನ್ನು ಬಿಟ್ಟುದನ್ನು ಅಲ್ಲಿಯ ಶಾಸನವು ಹೇಳುತ್ತದೆ. ತಮ್ಮ ತಲೆಯನ್ನು ತಾವೇ ಕಡಿದುಕೊಳ್ಳುವ ವೀರರ ರೂಪಗಳು ಕಂಬದ ಮೇಲಿವೆ. ಒಡೆಯನಿಗಾಗಿ ಸಾಯುವ ವ್ರತವನ್ನು ತೊಟ್ಟವನಿಗೆ ‘ಗರುಡ’ ಎಂಬ ಹೆಸರು ಬಂದುದು ವಾಹನಭಾವದ ಪರಾಕಾಷ್ಠೆ.

ಇನ್ನೊಂದು ಅಧಿಕಾರದ್ದು. ಬಳ್ಳಿಗಾವೆಯಲ್ಲಿ ಬನವಾಸಿ ಪನ್ನಿರ್ಚ್ಛಾಸಿರವನ್ನು ಆಳುತ್ತಿದ್ದ ಚಾಮುಂಡರಾಯರಸನು ಕ್ರಿ. ಶ. ೧೦೪೭ರಲ್ಲಿ ನಿಲ್ಲಿಸಿದ ಗಂಡಭೇರುಂಡಸ್ತಂಭದ ಮೇಲೆ ಮನುಷ್ಯದೇಹವೂ ಎರಡು ಪಕ್ಷಿಶಿರಗಳೂ ಉಳ್ಳ ಮೂರ್ತಿಯಿದೆ. ಬೇಲೂರಿನ ಒಂದು ಶಿಲ್ಪದಲ್ಲಿ ಜಿಂಕೆಯನ್ನು ಹಾವು, ಹಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ, ಶರಭವನ್ನು ಗಂಡಭೇರುಂಡ ಹೀಗೆ ಒಂದನ್ನೊಂದು ಹಿಡಿದಿರುವ ಸರಣಿಯನ್ನು ಕಡೆದಿದ್ದಾರೆ. ಪಕ್ಕದಲ್ಲಿ ಮುನಿಯೊಬ್ಬನು ಬೆರಗಾಗಿ ನೋಡುತ್ತಾನೆ. ಗಂಡಭೇರುಂಡವು ಯಾರ ವಾಹನವೂ ಅಲ್ಲ. ಅದು ಹೊತ್ತುಕೊಂಡು ಹೋಗುವುದಿಲ್ಲ, ಹಿಡಿಯುತ್ತದೆ. ಮೈಸೂರಿನ ಅರಸರಿಗೆ ಲಾಂಛನವಾಗಿ, ಈಗ ರಾಜ್ಯದ ಮುದ್ರೆಯಲ್ಲಿಯೂ ನಿಂತಿರುವ ಈ ಪಕ್ಷಿಯಲ್ಲಿ ಹಿಂದಿನ ಭಯವು ಕಡಿಮೆಯಾಗಿ ಗೌರವವು ಮಾತ್ರ ಉಳಿದಿದೆ. ಬಳ್ಳಿಗಾವೆಯು ಕೇವಲ ಶೈವಕ್ಷೇತ್ರವಾಗಿರಲಿಲ್ಲವೆಂಬುದನ್ನೂ ಇಲ್ಲಿ ನೆನೆಯತಕ್ಕದ್ದು, ಕ್ರಿ. ಶ. ೧೦೬೫ರಲ್ಲಿ ಅಲ್ಲಿ ಜಯಂತೀಪ್ರಬುದ್ಧವಿಹಾರವೆಂಬ ಬೌದ್ಧವಿಹಾರವೂ ಏರ್ಪಟ್ಟಿತ್ತು. ಭೇರುಂಡದ ಕಂಬವೂ ತಾರಾಭಗವತಿಯ ಪೂಜೆಯೂ ಒಂದೇ ಊರಿನಲ್ಲಿ, ಇಪ್ಪತ್ತು ವರ್ಷಗಳೊಳಗೆ ಕಾಣಿಸಿಕೊಂಡುವು. ಮುಂಡಗೋಡಿನ ವಿಹಾರಗಳು ಈ ಸೀಮೆಗೆ ಮೊದಲನೆಯವಲ್ಲ.

ಜೋಯಿಡಾ ತಾಲ್ಲೂಕಿನ ಉಳವಿಯು ಈ ವಿಚಾರಕ್ಕೆ ಇನ್ನೊಂದು ದಿಕ್ಕಿನಿಂದ ಬೆಳಕನ್ನು ಕೊಡುತ್ತದೆ. ಅದು ಚೆನ್ನಬಸವಣ್ಣನವರ ಐಕ್ಯಸ್ಥಳವೆಂದು ಪ್ರಸಿದ್ಧ. ಅಂಗೈಯ ಇಷ್ಟಲಿಂಗದಲ್ಲಿ ಉಪಾಸನೆ ನಡೆಯುವ ಆ ಮಾರ್ಗದಲ್ಲಿ, ತತ್ತ್ವದೃಷ್ಟಿಯಿಂದ, ದೇಹವೇ ದೇಗುಲ. ದಾಟಬೇಕಾದ ಕಲ್ಲಿನ ಹೊಸ್ತಿಲಿಲ್ಲ. ಆದುದರಿಂದ ಹೊಸ್ತಿಲನ್ನು ಕಾಯುವ ಪಕ್ಷಿಗೂ ಕೆಲಸವಿಲ್ಲ. ಪಕ್ಷಿಮೂರ್ತಿಯು ಅಲಂಕಾರಮಾತ್ರವಾಗಿದ್ದಿದ್ದರೆ ಅದರ ಇರವೂ ಇಲ್ಲದಿರವೂ ತತ್ತ್ವದೊಡನೆ ಹೀಗೆ ಹೊಂದಿಕೊಳ್ಳುತ್ತಿರಲಿಲ್ಲ.

ಅಲಂಕಾರವೆಂಬ ಶಬ್ದವನ್ನೇ ಸಾಹಿತ್ಯದ ಅಧ್ಯಾಪಕರು ಹೆಚ್ಚು ಎಚ್ಚರದಿಂದ ಬಳಸಬಲ್ಲರು. ಕಟಕಕುಂಡಲಗಳಂತೆ ಹೊರಗಿನಿಂದ ತೊಡಿಸಿದುದು ಅಲಂಕಾರವೋ, ಅಥವಾ ಕಾವ್ಯದ ಸೌಂದರ್ಯವೇ ಅಲಂಕಾರವೋ ಎಂಬ ವಾದವು ಸಂಸ್ಕೃತದಲ್ಲಿ ಶತಮಾನಗಳ ಕಾಲ ನಡೆಯಿತು. ಕನ್ನಡದ ಮೊದಲ ಲಕ್ಷಣಗ್ರಂಥವಾದ ಕವಿರಾಜಮಾರ್ಗವು ಹುಟ್ಟಿದ್ದು ಗರುಡಲಾಂಛನದ ರಾಷ್ಟ್ರಕೂಟರ ಆಸ್ಥಾನದಲ್ಲಿ. ಅಲಂಕಾರವೆಂದರೆ ಮೂಲದಲ್ಲಿ ‘ಸಾಕಾಗುವಂತೆ ಮಾಡುವುದು’, ವಸ್ತುವನ್ನು ತನ್ನ ಕಾರ್ಯಕ್ಕೆ ಸಮರ್ಥವಾಗಿಸುವುದು ಎಂದು ಆನಂದ ಕುಮಾರಸ್ವಾಮಿಯವರು ೧೯೩೯ರಲ್ಲಿ ಪ್ರತಿಪಾದಿಸಿದರು. ಈ ಅರ್ಥದಲ್ಲಾದರೆ ಗರುಡನು ಅಲಂಕಾರವೇ ಸರಿ: ಅವನಿಲ್ಲದಿದ್ದರೆ ಐಹೊಳೆಯ ಬಾಗಿಲು ಸುಂದರವಲ್ಲವೆಂದಲ್ಲ, ಬಾಗಿಲಾಗಿ ಸಾಲದು. ಟಿಬೆಟಿನವರು ತಮ್ಮ ತೋರಣವನ್ನು ‘ಆರು ಅಲಂಕಾರಗಳು’ ಎಂದು ಕರೆದು ಅವನ್ನು ಪಾರಮಿತೆಗಳೊಡನೆ ಹೊಂದಿಸಿದಾಗ ಈ ಹಳೆಯ ಅರ್ಥವನ್ನೇ ಉಳಿಸಿಕೊಂಡಿದ್ದಾರೆ.

ಇಂದು ಗರುಡ, ಹಂಸ, ಮಯೂರಗಳ ಮೂರ್ತಿಗಳು ಅಂಗಡಿಗಳಲ್ಲಿ ಮನೆಯ ಸೊಬಗಿಗಾಗಿ ಮಾರಲ್ಪಡುತ್ತವೆ. ಅದನ್ನು ಹೀಗಳೆಯಬೇಕಾದುದಿಲ್ಲ. ವೈಷ್ಣವರ ಮನೆಯ ಪೂಜೆಯ ಗಂಟೆಯ ಹಿಡಿಯಲ್ಲಿ ಗರುಡನು ಹಿಂದಿನಿಂದಲೂ ಇದ್ದಾನೆ. ತೂಗುದೀಪದ ಸರಪಣಿಯಲ್ಲಿ ಹಂಸವಿದೆ. ಆದರೆ ಆ ಗಂಟೆಯು ಪೂಜೆಯ ಮೊದಲಲ್ಲಿ ಮೊಳಗುತ್ತದೆ, ಆ ದೀಪವು ಕತ್ತಲೆಯ ಅಂಚಿನಲ್ಲಿ ತೂಗುತ್ತದೆ ಎಂಬುದನ್ನು ನೋಡಬೇಕು. ಅಲ್ಲಿಯೂ ಪಕ್ಷಿಯು ಒಂದು ಹೊಸ್ತಿಲಿನ ಮೇಲೆಯೇ ಕುಳಿತಿದೆ. ಮೇಜಿನ ಮೇಲೆ ಇಟ್ಟ ಮೂರ್ತಿಗೆ ರೂಪವು ಉಳಿದಿದೆ, ಸ್ಥಾನವು ತಪ್ಪಿದೆ.

ಪಕ್ಷಿಶಿಲ್ಪವನ್ನು ಕುರಿತು ಬರೆಯುವವರು ಮೂರು ಪ್ರಶ್ನೆಗಳನ್ನು ಮೊದಲು ಕೇಳತಕ್ಕದ್ದು: ಅದು ಎಲ್ಲಿದೆ, ಅದರ ಹಿಡಿತದಲ್ಲಿ ಏನಿದೆ, ಅದು ಯಾರ ಕಡೆಗೆ ಮುಖಮಾಡಿದೆ. ಯಾವ ದೇವರ ವಾಹನ ಎಂಬ ಪ್ರಶ್ನೆಯು ನಾಲ್ಕನೆಯದಾಗಿ ಬರಲಿ. ಈ ಕ್ರಮದಿಂದ ನೋಡಿದರೆ, ಶಾಸನವಿಲ್ಲದ ಗುಡಿಗಳಲ್ಲಿ ಲಲಾಟದ ಗರುಡನೊಬ್ಬನನ್ನೇ ನಂಬಿ ಮೂಲದೇವತೆಯನ್ನು ನಿರ್ಣಯಿಸುವ ಸಾಹಸವು ನಿಲ್ಲುತ್ತದೆ. ಮುಂಡಗೋಡಿನ ಸಭಾಮಂಟಪಕ್ಕೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗುವ ಅಧ್ಯಾಪಕರಿಗೂ ಹೇಳಲು ಒಂದು ಮಾತು ದೊರೆಯುತ್ತದೆ: ಬುದ್ಧನ ತಲೆಯ ಮೇಲಣ ಆ ಪಕ್ಷಿಯು ದೂರದೇಶದಿಂದ ಬಂದುದಾದರೂ, ಅದರ ಕೈಯಲ್ಲಿರುವ ನಾಗನು ಬನವಾಸಿಯ ಕಲ್ಲಿಗೆ ಹಳೆಯ ಪರಿಚಯದವನು.